ಕೆಳಗಿನ ಹಲಗೆಯ ತಟ್ಟೆ

‘ಮತ್ತೆ ಚೆನ್ನಾಗಿದಾಳೆ ಅಂದುಬಿಟ್ಟೆನಲ್ಲ’ ಎಂದು ಹುಡುಗಿ ತನ್ನೊಳಗೇ ಅಂದುಕೊಂಡಾಗ ಫೋನು ಇನ್ನೂ ಕೈಯಲ್ಲೇ ಇತ್ತು. ಬೇಕೆಂದು ಹೇಳಿದ ಸುಳ್ಳಲ್ಲ. ಆ ಕಡೆಯಿಂದ “ಹೇಗಿದಾಳೆ ನಮ್ಮವಳು?” ಎಂದು ಕೇಳಿದೊಡನೆ ಈ ಕಡೆಯ ನಾಲಗೆ ಹಳೆಯ ರೂಢಿಯಂತೆ ತಾನಾಗಿಯೇ ಆಡಿಬಿಡುತ್ತಿತ್ತು. ಬೇಸಿಗೆ ಕಳೆದ ಮೇಲೆ ಹೀಗೆ ಆಡಿದ್ದು ಇದು ಎಷ್ಟನೆಯ ಸಲವೋ. ಆದರೆ ಈ ಸಲ ಮಾತು ಅಲ್ಲಿಗೇ ನಿಂತಿರಲಿಲ್ಲ.

“ಹಾಗಾದ್ರೆ ಇವತ್ತೇ ಹನ್ನೊಂದು ಗಂಟೆ ಹೊತ್ತಿಗೆ ಬರ್ತೀನಿ. ಒಂದ್ಸಲ ನೋಡ್ಕೊಂಡು ಹೋಗ್ತೀನಿ,” ಎಂದಿದ್ದರು ಮೇಡಂ. “ನಾಳೆ ತಂಗಿ ಮನೆಗೆ ಹೊರಟೆ. ಇನ್ನು ಅಲ್ಲೇ ಇರೋದು. ಸಾಮಾನೆಲ್ಲ ಕಟ್ಟಿ ಆಯ್ತು. ಅಷ್ಟು ದೂರದಿಂದ ಪದೇ ಪದೇ ಬರೋಕಾಗುತ್ತಾ, ನೀನೇ ಹೇಳು.”

“ಹ್ಞೂಂ ಮೇಡಂ,” ಎಂದಿದ್ದಳು ಹುಡುಗಿ. ಬೇಡ ಎನ್ನುವಷ್ಟು ಉಸಿರು ಆ ಗಳಿಗೆಯಲ್ಲಿ ಸಿಕ್ಕಿರಲಿಲ್ಲ.

ಮೇಡಂ ನೋಡಬೇಕೆಂದದ್ದು ತಮ್ಮ ಮಗಳನ್ನು. ಮಗಳು ತೀರಿಕೊಂಡು ವರ್ಷವಾಗಿತ್ತು. ಅವಳ ತೋಳಿನಿಂದ ತೆಗೆದ ಕಾಳಿನಷ್ಟು ಚರ್ಮದಿಂದ, ಹುಡುಗಿ ಕೆಲಸ ಮಾಡುವ ಈ ಪ್ರಯೋಗಾಲಯದಲ್ಲಿ ಬೆಳೆಸಿದ ಜೀವಕೋಶಗಳು ಮಾತ್ರ ಅವಳು ಹೋದ ಮೇಲೂ ಬದುಕಿದ್ದವು. ಈಗ ಅವೂ ಇರಲಿಲ್ಲ. ಅದು ಮೇಡಂಗೆ ಗೊತ್ತಿರಲಿಲ್ಲ.

ಹುಡುಗಿಯ ಸ್ವಭಾವವೇ ಅಂಥದ್ದು. ಬಸ್ಸಿನಲ್ಲಿ ‘ಇಳೀಬೇಕು’ ಎಂದು ಕೂಗಲಾರದೆ ಮುಂದಿನ ಸ್ಟಾಪಿನಲ್ಲಿ ಇಳಿದು ಹಿಂದಕ್ಕೆ ನಡೆದು ಬರುವವಳು. ಕಾಲೇಜಿನಲ್ಲಿ ಅವಳ ‘ಪ್ರೆಸೆಂಟ್’ ಮುಂದಿನ ಬೆಂಚನ್ನು ದಾಟುತ್ತಿರಲಿಲ್ಲವಾಗಿ, ದಿನವೂ ಹೋಗಿಯೂ ಹಾಜರಿ ಸಾಲದೆ ಪ್ರಾಂಶುಪಾಲರ ಬಾಗಿಲಲ್ಲಿ ನಿಂತಿದ್ದಳು. ಅಲ್ಲಿಯೂ ಏನೂ ಹೇಳದೆ ಬೈಸಿಕೊಂಡು ಬಂದಿದ್ದಳು. ಪದವಿ ಮುಗಿಸಿ ಇಲ್ಲಿಗೆ ಸೇರಿದಾಗ ಅವಳಿಗೆ ಹಿಡಿಸಿದ್ದೇ ಇಲ್ಲಿಯ ಕೆಲಸಕ್ಕೆ ಮಾತು ಬೇಡ ಎಂಬುದು. ಕೋಶಗಳು ಬೆಳೆಯುವ ತಟ್ಟೆಗಳಲ್ಲಿನ ಹಳೆಯ ದ್ರವ ತೆಗೆದು ಹೊಸದನ್ನು ಹಾಕುವುದು, ಅವನ್ನಿಡುವ ಬೆಚ್ಚನೆಯ ಪೆಟ್ಟಿಗೆಯ ಬಾಗಿಲನ್ನು ಸದ್ದಾಗದಂತೆ ಮುಚ್ಚುವುದು. ಮೂಕರಿಗೂ ಆಗಬಹುದಾದ ಕೆಲಸ.

ಮೇಡಂ ಅದಕ್ಕೆ ತದ್ವಿರುದ್ಧ. ಹೈಸ್ಕೂಲಿನಲ್ಲಿ ಮಕ್ಕಳಿಗೆ ಆಟ ಆಡಿಸಿ, ಕವಾಯತು ಮಾಡಿಸಿ ನಿವೃತ್ತರಾದವರು. ಮೈದಾನದ ಆ ತುದಿಗೆ ಕೇಳಿಸಲು ಬೆಳೆಸಿಕೊಂಡ ಗಂಟಲು, ಕೋಣೆಯೊಳಗೂ ಹಾಗೆಯೇ ಇರುತ್ತಿತ್ತು. ತಾಯಿ ಮಗಳು ಮೊದಲು ಬಂದದ್ದು ಇದೇ ಕಟ್ಟಡದ ಕೆಳ ಅಂತಸ್ತಿನ ಕ್ಲಿನಿಕ್ಕಿಗೆ. ಮಗಳಿಗೆ ನರ ಸೊರಗುವ ಕಾಯಿಲೆ. ಮೂರು ಕುರ್ಚಿಯ ಪಾರ್ಲರ್ ಇಟ್ಟುಕೊಂಡಿದ್ದವಳು. ಒಂದು ದಿನ ಗಿರಾಕಿಯ ಕಿವಿಯ ಹತ್ತಿರ ಕತ್ತರಿ ಜಾರಿತು. ಆಮೇಲೆ ಬಾಚಣಿಗೆ, ಆಮೇಲೆ ಚಮಚ. ಚರ್ಮದ ತುಣುಕು ಕೊಡಲು ಬಂದ ದಿನ ಅವಳ ಮಾತೂ ಸ್ವಲ್ಪ ಎಳೆಯುತ್ತಿತ್ತು. ಕಾಯಿಲೆಯವರ ಚರ್ಮದ ಜೊತೆಗೆ ಅದೇ ಮನೆಯ ಆರೋಗ್ಯವಂತರೊಬ್ಬರದೂ ಬೇಕು, ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೇ ವ್ಯತ್ಯಾಸ ತಿಳಿಯುವುದು ಎಂದು ಪ್ರಯೋಗಾಲಯದ ಮುಖ್ಯಸ್ಥರಾದ ಸರ್ ಕೇಳಿಕೊಂಡಾಗ, ಮೇಡಂ ತೋಳು ಮಡಿಸಿ ತಾವೇ ಮೊದಲು ಮಂಚ ಹತ್ತಿದ್ದರು.

“ಡಾಕ್ಟ್ರೇ, ಹುಷಾರು. ಅಮ್ಮಂದು ದಪ್ಪ ಚರ್ಮ. ಸೂಜಿ ಮುರಿದು ಹೋದೀತು,” ಎಂದಿದ್ದಳು ಮಗಳು.

“ನಿನ್ನಂಥವಳನ್ನ ಸಾಕೋಕೆ ತೆಳ್ಳಗಿದ್ರೆ ಆಗ್ತಿತ್ತಾ?”

ಎರಡು ಪುಟ್ಟ ನಳಿಕೆಗಳನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದ ಹುಡುಗಿ ತುಟಿ ಕಚ್ಚಿ ನಗು ತಡೆದಳು. ಮಗಳು ಅದನ್ನು ಕಂಡುಹಿಡಿದಳು. “ನಮ್ಮನ್ನ ಸಾಕೋಳು ನೀನೇನಾ? ಹೊತ್ತೊತ್ತಿಗೆ ಊಟ ಹಾಕಮ್ಮ. ಅಮ್ಮನ್ನ ಬೇಕಾದ್ರೆ ಸ್ವಲ್ಪ ಉಪವಾಸ ಕೆಡವು, ಪರವಾಗಿಲ್ಲ.”

ಅಂದಿನಿಂದ ಬೆಚ್ಚನೆಯ ಪೆಟ್ಟಿಗೆಯ ಮೇಲಿನ ಹಲಗೆಯಲ್ಲಿ ಮಗಳು, ಕೆಳಗಿನ ಹಲಗೆಯಲ್ಲಿ ತಾಯಿ. ತಟ್ಟೆಗಳ ಮೇಲೆ ಇದ್ದದ್ದು ಬರೀ ನಂಬರು. ಆದರೆ ನಳಿಕೆ ಹಿಡಿದು ನಿಂತಿದ್ದವಳಿಗೆ ನಂಬರು ನಂಬರಾಗಿ ಉಳಿಯಲಿಲ್ಲ. ಪ್ರಯೋಗಾಲಯದ ಮಾತಿನ ರೀತಿಯೂ ಅದಕ್ಕೆ ಒದಗಿಬಂತು. ಅಲ್ಲಿ ಯಾರೂ ‘ದ್ರವ ಬದಲಾಯಿಸಿದೆಯಾ’ ಎಂದು ಕೇಳುತ್ತಿರಲಿಲ್ಲ. ‘ಊಟ ಕೊಟ್ಟೆಯಾ’ ಎಂದೇ ಕೇಳುತ್ತಿದ್ದರು. ‘ಇವತ್ತು ಯಾಕೋ ಸಪ್ಪಗಿವೆ’, ‘ನಿನ್ನೆ ತಣ್ಣಗಿಟ್ಟಿದ್ದಕ್ಕೆ ಮುನಿಸಿಕೊಂಡಿವೆ’. ಮಗಳು ತೀರಿಹೋಗಿ ಕೆಲವು ವಾರವಾದ ಮೇಲೆ ಮೇಡಂ ಕ್ಲಿನಿಕ್ಕಿನ ಯಾವುದೋ ಕಾಗದಕ್ಕೆ ಸಹಿ ಹಾಕಲು ಬಂದವರು, ಮೆಟ್ಟಿಲು ಹತ್ತಿ ಮೇಲೆ ಬಂದು ಬಾಗಿಲಲ್ಲಿ ನಿಂತರು. ಏನು ಕೇಳಬೇಕೆಂದು ಅವರಿಗೂ ತಿಳಿಯಲಿಲ್ಲ. “ಅದು ಇನ್ನೂ ಇದೆಯಾ?” ಎಂದರು.

“ಚೆನ್ನಾಗಿದಾಳೆ ಮೇಡಂ. ಬೆಳಿಗ್ಗೆ ಊಟ ಕೊಟ್ಟೆ,” ಎಂದುಬಿಟ್ಟಿತ್ತು ಹುಡುಗಿಯ ಬಾಯಿ.

ಮೇಡಂ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಆಮೇಲೆ ಕೆಳಗೆ ಹೋಗಿ ಇಬ್ಬರಿಗೂ ಚಹಾ ತಂದರು.

ಆ ಮೇಲೆ ಅವರು ಬರುವುದು ರೂಢಿಯಾಯಿತು. ಬಂದಾಗಲೆಲ್ಲ ವರಾಂಡದ ಬೆಂಚಿನ ಮೇಲೆ ಕೂತು, ಕಾಗದದ ಲೋಟದಲ್ಲಿ ಚಹಾ ಕುಡಿದು, ಮಗಳ ಸಮಾಚಾರ ಕೇಳಿ ಹೋಗುತ್ತಿದ್ದರು. ನೋಡುತ್ತೀರಾ ಎಂದರೆ ಮಾತ್ರ ಒಪ್ಪುತ್ತಿರಲಿಲ್ಲ. “ಕನ್ನಡಕದ ಮೇಲೆ ಇನ್ನೊಂದು ಕನ್ನಡಕ ಯಾಕೆ? ನೀನು ನೋಡ್ತೀಯಲ್ಲ, ಸಾಕು.” ಒಂದು ದಿನ ಲೋಟ ಕೆಳಗಿಟ್ಟು ಕೇಳಿದರು. “ಅಲ್ಲಾ, ಅವಳನ್ನ ಇಟ್ಕೊಂಡು ನೀವು ಮಾಡೋದಾದ್ರೂ ಏನು?”

ಹುಡುಗಿ ತನಗೆ ಗೊತ್ತಿದ್ದುದನ್ನು ಮೆಲ್ಲಗೆ ಬಿಡಿಸಿ ಹೇಳಿದಳು. “ಕೋಶದ ಒಳಗೆ ಆರ್‌ಎನ್‌ಎ ಅಂತ ಇರುತ್ತೆ ಮೇಡಂ, ದಾರದ ಥರ. ಏನೇನು ಮಾಡ್ಬೇಕು ಅನ್ನೋ ಸುದ್ದಿ ಅದರಲ್ಲಿರುತ್ತೆ. ಪ್ರೋಟೀನ್‌ಗಳು ಅದನ್ನ ಹಿಡ್ಕೊಂಡು ಎಲ್ಲಿಗೆ ಬೇಕೋ ಅಲ್ಲಿಗೆ ಕರ್ಕೊಂಡು ಹೋಗ್ತವೆ. ಅವಳಿಗಿದ್ದ ಕಾಯಿಲೇಲಿ ಆ ಹಿಡಿತದಲ್ಲೇ ಏನೋ ಎಡವಟ್ಟು ಅಂತ ಅನುಮಾನ. ಯಾರು ಯಾರನ್ನ ಹಿಡಿದಿದಾರೆ ಅಂತ ನೋಡ್ಬೇಕು. ಆದ್ರೆ ಅವು ಹಿಡೀತವೆ, ಬಿಡ್ತವೆ, ಓಡಾಡ್ತಾನೇ ಇರ್ತವೆ. ಅದಕ್ಕೆ ಒಂದು ಬೆಳಕು ಬಿಡ್ತೀವಿ, ಕಣ್ಣಿಗೆ ಕಾಣದ ಬೆಳಕು. ಅದು ಬಿದ್ದಾಗ ಯಾರು ಯಾರನ್ನ ಮುಟ್ಟಿದ್ರೋ ಅವರು ಹಾಗೇ ಅಂಟಿಕೊಳ್ತಾರೆ.”

“ಓ, ಇದು ನಮ್ಮ ಆಟನೇ,” ಎಂದರು ಮೇಡಂ. ಮುಖ ಅರಳಿತ್ತು. “ನಾನು ಸೀಟಿ ಊದಿದ್ರೆ ಎಲ್ಲೆಲ್ಲಿರೋ ಮಕ್ಕಳು ಅಲ್ಲಲ್ಲೇ ಕಂಬ. ಆಗ ಹೋಗಿ ನೋಡೋದು, ಯಾರು ಯಾರ ಜಡೆ ಹಿಡ್ಕೊಂಡಿದಾರೆ ಅಂತ.”

“ಹ್ಞೂಂ ಮೇಡಂ, ಹಾಗೇ.”

“ಆಮೇಲೆ ಇನ್ನೊಂದು ಸೀಟಿ. ಎಲ್ಲ ಮತ್ತೆ ಓಡ್ತಾವೆ.”

ಹುಡುಗಿ ಲೋಟದೊಳಗೆ ನೋಡಿದಳು. ಈ ಆಟದಲ್ಲಿ ಎರಡನೆಯ ಸೀಟಿ ಇಲ್ಲ. ಬೆಳಕು ಬಿದ್ದ ತಟ್ಟೆಯನ್ನು ಕೆರೆದು, ಕೋಶಗಳನ್ನು ಒಡೆದು, ಹಿಡಿತಕ್ಕೆ ಸಿಕ್ಕದ ದಾರವನ್ನೆಲ್ಲ ಕತ್ತರಿಸಿ, ತಮಗೆ ಬೇಕಾದ ಒಂದು ಪ್ರೋಟೀನನ್ನು ಅದು ಹಿಡಿದ ತುಂಡಿನ ಸಮೇತ ಹೊರಗೆಳೆದು ತೊಳೆಯಬೇಕು. ಕೊನೆಗೆ ಉಳಿಯುವುದು ಎಕ್ಸ್‌ರೇ ಫಿಲ್ಮಿನ ಮೇಲೊಂದು ಗೆರೆ, ಹಿಡಿತ ಇದ್ದಷ್ಟೂ ಕಪ್ಪು. ಇಷ್ಟನ್ನೂ ಅಂದೇ ಹೇಳಬಹುದಿತ್ತು.

“ಹ್ಞೂಂ,” ಎಂದಳು.

ಅದಾದ ಸ್ವಲ್ಪ ದಿನಕ್ಕೇ ಮುಚ್ಚಳದ ಪ್ರಕರಣ ನಡೆದದ್ದು. ಬೆಳಕಿಗಿಡುವ ಮೊದಲು ತಟ್ಟೆಗಳ ಮುಚ್ಚಳ ತೆಗೆಯಬೇಕು. ನಮ್ಮ ಕಣ್ಣಿಗೆ ಗಾಜಿನಷ್ಟು ತಿಳಿಯಾದ ಆ ಪ್ಲಾಸ್ಟಿಕ್ಕು ಆ ಬೆಳಕಿಗೆ ಗೋಡೆಯಿದ್ದಂತೆ. ಇದು ಇಲ್ಲಿ ಕಸ ಗುಡಿಸುವವರಿಗೂ ಗೊತ್ತು. ಹುಡುಗಿ ಇಬ್ಬರ ತಟ್ಟೆಗಳನ್ನೂ ಮಂಜುಗಡ್ಡೆಯ ಮೇಲೆ ನೀಟಾಗಿ ಜೋಡಿಸಿ, ಧೂಳು ಬಿದ್ದೀತೆಂದು ಮುಚ್ಚಿದವಳು ಹಾಗೆಯೇ ಯಂತ್ರದೊಳಗೆ ತಳ್ಳಿದ್ದಳು. ವಾರಗಟ್ಟಲೆ ಮುಂದಿನ ಕೆಲಸ ಮಾಡಿ ಫಿಲ್ಮು ತೆಗೆದರೆ ತಾಯಿಯ ಸಾಲೂ ಖಾಲಿ, ಮಗಳ ಸಾಲೂ ಖಾಲಿ. ಅವಳ ಪಕ್ಕದ ಮೇಜಿನ ಹಿರಿಯ ವಿದ್ಯಾರ್ಥಿನಿ, ಎಲ್ಲರೂ ಅಕ್ಕ ಎಂದೇ ಕರೆಯುವವಳು, ಫಿಲ್ಮನ್ನು ಕಿಟಕಿಗೆ ಹಿಡಿದು ನೋಡಿ, “ಮುಚ್ಚಳ ತೆಗೆದಿದ್ದೆ ತಾನೇ?” ಎಂದಳು. ಹುಡುಗಿ ತಲೆ ತಗ್ಗಿಸಿದ್ದೇ ಉತ್ತರವಾಯಿತು. ಅಂದಿನಿಂದ ಅವಳ ಹೆಸರು ಮುಚ್ಚಳ. ಬಾಯಿ ಬಿಡದವಳಿಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲವೆಂದು ಎಲ್ಲರೂ ನಕ್ಕರು. ಸರ್ ಬೈಯಲಿಲ್ಲ. “ಉಳಿದಿರೋದನ್ನ ತೆಗೀರಿ,” ಎಂದರು ಅಷ್ಟೆ.

ತಾಯಿಯ ಕೋಶಗಳನ್ನು ಹೆಪ್ಪುಗಟ್ಟಿಸಿಟ್ಟ ನಳಿಕೆಗಳು ಇನ್ನೂ ಹಲವಿದ್ದವು. ಮಗಳದು ಉಳಿದಿದ್ದದ್ದು ಒಂದೇ. ಅದನ್ನು ಕರಗಿಸಿ ಬೆಳೆಸಿದರೆ ಕೋಶಗಳು ಮೊದಲಿನಂತೆ ತುಂಬಿಕೊಳ್ಳಲಿಲ್ಲ. ಚರ್ಮದ ಕೋಶಗಳಿಗೆ ಇಷ್ಟು ಸಲ ಎಂದು ಒಂದು ಲೆಕ್ಕವಿರುತ್ತದೆ. ಆಮೇಲೆ ಅವು ಎರಡಾಗುವುದನ್ನು ನಿಲ್ಲಿಸಿ, ಅಗಲವಾಗಿ, ಸುಸ್ತಾದವರಂತೆ ಮೈ ಚೆಲ್ಲಿ ಮಲಗಿಬಿಡುತ್ತವೆ. “ಇನ್ನು ಕಾದ್ರೆ ಇದೂ ಇಲ್ಲ. ಎಲ್ಲಾನೂ ಬೆಳಕಿಗೆ ಹಾಕ್ಬಿಡಿ,” ಎಂದರು ಸರ್. ‘ಒಂದು ತಟ್ಟೆ ಇಟ್ಟುಕೊಳ್ಳೋಣವಾ ಸರ್’ ಎಂಬ ಮಾತನ್ನು ಹುಡುಗಿ ಬಚ್ಚಲಿನ ಕನ್ನಡಿಯ ಮುಂದೆ ನಿಂತು ಆಡಿ ನೋಡಿಕೊಂಡಳು. ಸರ್ ಕೋಣೆಯ ಬಾಗಿಲವರೆಗೂ ಹೋದಳು. ಅವರು ಫೋನಿನಲ್ಲಿದ್ದರು. ವಾಪಸು ಬಂದಳು.

ಬೇಸಿಗೆಯ ಆ ಮಧ್ಯಾಹ್ನ ಮುಚ್ಚಳಗಳನ್ನು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಬೋರಲು ಹಾಕಿದಳು. ಯಂತ್ರ ಗುಂಯ್ ಎಂದಿತು. ಸಣ್ಣ ಕಿಟಕಿಯಲ್ಲಿ ನೇರಳೆಯ ಛಾಯೆಯೊಂದು ಕಂಡಂತಾಯಿತು, ಆಮೇಲೆ ಕೀಂ ಎಂದು ಸದ್ದಾಗಿ ಮುಗಿಯಿತು. ಹೊರಗೆ ತೆಗೆದಾಗ ತಟ್ಟೆಗಳು ಮೊದಲಿದ್ದಂತೆಯೇ ಇದ್ದವು. ಅವಳು ಕೆರೆಯುವ ಕಡ್ಡಿ ಕೈಗೆ ತೆಗೆದುಕೊಂಡಳು.

ಈ ಸಲ ಫಿಲ್ಮಿನಲ್ಲಿ ತಾಯಿಯ ಸಾಲು ಕಾಡಿಗೆ ತೀಡಿದಷ್ಟು ಕಪ್ಪಗಿತ್ತು. ಮಗಳ ಸಾಲಿನಲ್ಲಿ ಇದ್ದದ್ದು ಒದ್ದೆ ಬೆರಳಿನಿಂದ ಒರೆಸಿದಷ್ಟೇ ಗುರುತು. ಪ್ರೋಟೀನು ತಾಯಿಯದರಷ್ಟೇ ಇತ್ತು, ದಾರವೂ ಇತ್ತು, ಹಿಡಿತ ಇರಲಿಲ್ಲ. ಸರ್ ಎಲ್ಲರನ್ನೂ ಕರೆದು ತೋರಿಸಿದರು, ಕ್ಯಾಂಟೀನಿನಿಂದ ಬಿಸ್ಕತ್ತು ತರಿಸಿದರು. ಅದೇ ಸಂಜೆ ಮೇಡಂ ಫೋನು ಬಂದದ್ದು. ಹೇಗಿದಾಳೆ ಎಂದರು. ಬಿಸ್ಕತ್ತಿನ ಚೂರು ಬಾಯಲ್ಲಿರುವಾಗಲೇ ಚೆನ್ನಾಗಿದಾಳೆ ಎಂದುಬಿಟ್ಟಳು.

“ಏನೇ ಮುಚ್ಚಳ, ಮುಖ ಯಾಕೆ ಹಂಗಿಟ್ಕೊಂಡಿದೀಯಾ?” ಎನ್ನುತ್ತ ಈ ಬೆಳಿಗ್ಗೆ ಅಕ್ಕ ಒಳಗೆ ಬಂದಾಗ ಫೋನು ಇನ್ನೂ ಕೈಯಲ್ಲೇ ಇತ್ತು. ಹುಡುಗಿ ಅದನ್ನು ಕೋಟಿನ ಜೇಬಿಗೆ ಹಾಕಿ, ಇದ್ದದ್ದನ್ನು ಇದ್ದಂತೆ ಹೇಳಿದಳು.

“ಅಯ್ಯೋ ಪೆದ್ದೇ. ಬೇಸಿಗೆಯಿಂದ ಚೆನ್ನಾಗಿದಾಳೆ ಚೆನ್ನಾಗಿದಾಳೆ ಅಂತ ಹೇಳ್ಕೊಂಡು ಬಂದಿದೀಯಾ?” ಅಕ್ಕ ಸ್ಟೂಲು ಎಳೆದು ಕೂತಳು. “ಕೆಳಗಿನ ಹಲಗೇದು ತೋರಿಸು,” ಎಂದಳು.

“ಅದು ಅವರದೇ ಅಕ್ಕಾ. ಮೇಡಂದು.”

“ಅದಕ್ಕೇನೀಗ? ಬೀದಿಲಿ ಹೋಗೋರದ್ದೇನಲ್ಲವಲ್ಲ. ನಂಬರ್ ಅಳಿಸಿ ಕೊಟ್ರೆ ಅಮ್ಮ ಯಾವುದು ಮಗಳು ಯಾವುದು ಅಂತ ನಿಂಗೇ ಹೇಳೋಕಾಗುತ್ತಾ?”

ಅದು ಹುಡುಗಿಗೂ ಆಗುತ್ತಿರಲಿಲ್ಲ.

“ನಾಳೆ ಊರು ಬಿಡೋ ಹೆಂಗಸು. ನೋಡಿ ಸಮಾಧಾನವಾಗಿ ಹೋಗ್ಲಿ ಬಿಡೇ. ಈಗ ಸತ್ಯ ಹೇಳಿ ನಿಂಗೇನು ಮೆಡಲ್ ಬರುತ್ತಾ? ಅವರ ಎದೆ ಮೇಲೆ ಕಲ್ಲಿಟ್ಟು ನೀನು ಹಗುರಾಗ್ತೀಯಾ, ಅಷ್ಟೆ.” ಅಕ್ಕನ ದನಿಯಲ್ಲಿ ಗದರಿಕೆ ಇರಲಿಲ್ಲ. “ಬೇಕಾದ್ರೆ ನಾನೇ ತೋರಿಸ್ತೀನಿ. ನನಗೆ ಸುಳ್ಳು ಹೇಳೋದು ನೀರು ಕುಡಿದ ಹಾಗೆ. ನೋಡಲ್ವಾ, ಥೀಸಿಸ್ ಯಾವಾಗ ಮುಗಿಯುತ್ತೆ ಅಂತ ನಮ್ಮಪ್ಪ ವಾರಾ ವಾರಾ ಕೇಳ್ತಾರೆ.”

“ಬೇಡ ಅಕ್ಕಾ, ನಾನೇ ತೋರಿಸ್ತೀನಿ,” ಎಂದಳು ಹುಡುಗಿ. ಅಂದ ಮೇಲೆ ಅದು ಒಪ್ಪಿಕೊಂಡಂತೆ ಆಯಿತೆಂದು ತಿಳಿಯಿತು.

ಮೇಡಂ ಹೇಳಿದ ಹೊತ್ತಿಗೇ ಬಂದರು. ಕಾಲಲ್ಲಿ ಕ್ಯಾನ್ವಾಸ್ ಶೂ. ಮಗಳು ಗಿಡ್ಡಕ್ಕೆ ಕತ್ತರಿಸುತ್ತಿದ್ದ ಕೂದಲು ಈಗ ಕಿವಿ ದಾಟಿ, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಬೆಳೆದು ನಿಂತಿತ್ತು. ಹುಡುಗಿ ಕೊಟ್ಟ ಬಿಳಿ ಕೋಟು ಭುಜಕ್ಕೆ ಸಾಲದೆ ಗುಂಡಿ ಹಾಕಲಾಗಲಿಲ್ಲ. “ಇದೇನು ಚಿಕ್ಕ ಮಕ್ಕಳಿಗೆ ಹೊಲ್ಸಿದ್ದಾ?” ಎಂದರು. ಆದರೆ ಆ ಮಾತಿಗೆ ಎಂದಿನ ಗಂಟಲಿರಲಿಲ್ಲ. ಸೂಕ್ಷ್ಮದರ್ಶಕವಿದ್ದ ಕೋಣೆಗೆ ಹೋಗುವಾಗ ಅವರು ಹುಡುಗಿಯ ಹಿಂದೆ ಹಿಂದೆ, ಆಸ್ಪತ್ರೆಯಲ್ಲಿ ನಡೆಯುವವರ ಹಾಗೆ ಗೋಡೆಯ ಪಕ್ಕದಲ್ಲೇ ನಡೆದರು.

ಹುಡುಗಿ ಪೆಟ್ಟಿಗೆಯ ಬಾಗಿಲು ತೆಗೆದಳು. ಮೇಲಿನ ಹಲಗೆ ಬರಿದಾಗಿತ್ತು. ಬಗ್ಗಿ, ಕೆಳಗಿನ ಹಲಗೆಯ ತಟ್ಟೆಯೊಂದನ್ನು ತೆಗೆದು ಸೂಕ್ಷ್ಮದರ್ಶಕದ ದೀಪದ ಮೇಲಿಟ್ಟಳು.

“ಕನ್ನಡಕ ತೆಗೀಬೇಕಾ?”

“ತೆಗೆದ್ರೆ ಸುಲಭ ಮೇಡಂ.”

ಮೇಡಂ ಕನ್ನಡಕ ತೆಗೆದು ಅವಳ ಕೈಗೆ ಕೊಟ್ಟು, ಸ್ಟೂಲಿನ ಮೇಲೆ ಕೂತು ಬಗ್ಗಿದರು. “ಬರೀ ಬೆಳಕು ಕಣೇ. ಏನೂ ಇಲ್ಲ.”

ಹುಡುಗಿ ಪಕ್ಕದಿಂದ ಕೈ ಚಾಚಿ ತಿರುಪನ್ನು ಮೆಲ್ಲಗೆ ತಿರುಗಿಸಿದಳು. ಎಲ್ಲಿ ಸ್ಪಷ್ಟವಾಯಿತೆಂಬುದು ಮೇಡಂ ಉಸಿರಿನಿಂದಲೇ ತಿಳಿಯಿತು.

“ಇಷ್ಟೊಂದು,” ಎಂದರು. “ನಾನು ಎಲ್ಲೋ ಒಂದು ಚುಕ್ಕಿ ಇರುತ್ತೆ ಅಂದ್ಕೊಂಡಿದ್ದೆ. ಮೀನಿನ ಹಾಗಿದಾವಲ್ಲ. ಎಲ್ಲ ಒಂದೇ ಕಡೆ ತಿರುಗಿ ಮಲಗಿದಾವೆ.”

“ಹ್ಞೂಂ ಮೇಡಂ.”

“ಇಲ್ಲೊಂದು ದುಂಡಗೆ ಹೊಳೀತಿದೆ. ಅದ್ಯಾಕೆ ಹಾಗೆ?”

“ಅದು... ಎರಡಾಗ್ತಾ ಇದೆ.”

“ಇನ್ನೂ ಬೆಳೀತಿದಾಳೆ ಹಾಗಾದ್ರೆ.” ಮೇಡಂ ನಕ್ಕಂತೆ ಮಾಡಿದರು. ಹುಡುಗಿ ಕನ್ನಡಕದ ಕಡ್ಡಿಗಳನ್ನು ಮಡಿಸಿದಳು, ಬಿಚ್ಚಿದಳು. ಇಷ್ಟಕ್ಕೇ ಮುಗಿಯಬಹುದಿತ್ತು. ಇನ್ನೊಂದು ನಿಮಿಷ, ಆಮೇಲೆ ತಟ್ಟೆ ತಣ್ಣಗಾಗುತ್ತೆ ಮೇಡಂ ಎಂದರೆ ಅವರೇ ಏಳುತ್ತಿದ್ದರು. ಮೆಟ್ಟಿಲು ಇಳಿದು ಹೋಗುತ್ತಿದ್ದರು. ತಂಗಿಯ ಮನೆಯಲ್ಲಿ ಕೂತು, ಬೆಳೀತಿದಾಳೆ ಎಂದು ಹೇಳುತ್ತಿದ್ದರು.

ಆದರೆ ಮೇಡಂ ಕಣ್ಣು ತೆಗೆಯದೆ ಮಾತಾಡತೊಡಗಿದರು. ಆ ಮಾತು ಹುಡುಗಿಗಲ್ಲ. ಇಷ್ಟು ಸಣ್ಣ ದನಿ ಅವರಿಗಿದೆಯೆಂದು ಅವಳಿಗೆ ಗೊತ್ತೇ ಇರಲಿಲ್ಲ.

“ನಿನ್ನ ಅಂಗಡಿ ಬಿಟ್ಕೊಟ್ಟೆ ಕಣೇ. ಕುರ್ಚಿ ಮೂರೂ ಹೋದವು. ಆ ಉದ್ದ ಕನ್ನಡಿ ಯಾರೂ ಕೇಳ್ಲಿಲ್ಲ, ನಾನೇ ಇಟ್ಕೊಂಡಿದೀನಿ. ಚಿಕ್ಕಮ್ಮನ ಮನೇಲಿ ಎಲ್ಲಿ ಹಾಕೋದೋ ಗೊತ್ತಿಲ್ಲ.” ಸ್ವಲ್ಪ ತಡೆದರು. “ಕೊನೇಲಿ ನೀನೇನೋ ಹೇಳ್ತಿದ್ದೆ. ಒಂದೇ ಮಾತು, ಮತ್ತೆ ಮತ್ತೆ. ನಂಗೆ ತಿಳೀಲಿಲ್ಲ. ತಿಳೀಲಿಲ್ಲ ಅಂದ್ರೆ ನಿಂಗೆ ಬೇಜಾರಾಗುತ್ತೆ ಅಂತ, ಹ್ಞೂಂ ಮಗಾ, ಹ್ಞೂಂ ಅಂದ್ಬಿಟ್ಟೆ. ನೀನು ನನ್ನ ಮುಖಾನೇ ನೋಡ್ತಿದ್ದೆ. ನಿಂಗೆ ಗೊತ್ತಾಯ್ತೇನೋ. ನನಗೆ ಗೊತ್ತಾಗ್ಲಿಲ್ಲ ಅಂತ ನಿಂಗೆ ಗೊತ್ತಾಯ್ತು ಅಲ್ವಾ?”

ಮೇಡಂ ಕಾಯುತ್ತಿದ್ದರು. ಉತ್ತರ ಬರುವುದಿಲ್ಲವೆಂದು ತಿಳಿಯದಷ್ಟು ಮಂಕಾದವರಲ್ಲ. ಆದರೂ ಕಾಯುತ್ತಿದ್ದರು, ಬೆನ್ನು ಬಗ್ಗಿಸಿ, ಒಂದು ಕೈಯನ್ನು ತಿರುಪಿನ ಹತ್ತಿರವಿಟ್ಟು. ಆ ಮಾತೆಲ್ಲ ಹೋಗಿ ಬೀಳುತ್ತಿದ್ದುದು ಅವರದೇ ತೋಳಿನ ಚರ್ಮದ ಮೇಲೆ.

“ಮೇಡಂ,” ಎಂದಳು ಹುಡುಗಿ.

“ಇರು. ಇನ್ನೊಂದು ಸ್ವಲ್ಪ.”

“ಅದು ಅವಳಲ್ಲ ಮೇಡಂ.” ಶುರುವಾದ ಮಾತು ನಿಲ್ಲಲಿಲ್ಲ. “ಅವಳದು ಬೇಸಿಗೇಲೇ ಮುಗೀತು. ಎಲ್ಲ ತಟ್ಟೇನೂ ನಾನೇ ಬೆಳಕಿಗಿಟ್ಟೆ. ಏನೂ ಉಳಿದಿಲ್ಲ. ಇದು ನೀವು.”

ಮೇಡಂ ತಲೆ ಎತ್ತಲಿಲ್ಲ. ಕಣ್ಣು ಅಲ್ಲೇ ಇಟ್ಟು, ಒಂದು ಕೈಯನ್ನು ಮಾತ್ರ ಹಿಂದಕ್ಕೆ ಚಾಚಿ, ಮೇಜಿನ ಮೇಲೆ ಕನ್ನಡಕಕ್ಕಾಗಿ ತಡಕಾಡಿದರು. ಅದು ಹುಡುಗಿಯ ಕೈಯಲ್ಲಿತ್ತು.